ಸರಕಾರದ ಉತ್ತರವೂ ವರ್ತಕರ ಕಡತವೂ: ವೃದ್ಧಾಪ್ಯ ವೇತನ ಮತ್ತು ಆಮದು ಬಟ್ಟೆಯ ಜಪ್ತಿ ಕುರಿತು ಒಂದು ಅಧ್ಯಯನ

ಕಾರವಾರದ ಹಬ್ಬುವಾಡ, ಕೋಡಿಬಾಗ ಮತ್ತು ಅಂಕೋಲೆಯ ಪೇಟೆಯಲ್ಲಿ ಸಣ್ಣ ಜವಳಿ ಅಂಗಡಿಯನ್ನೋ ಸಿದ್ಧ ಉಡುಪಿನ ಘಟಕವನ್ನೋ ನಡೆಸುವವರಿಗೆ ಭವಿಷ್ಯನಿಧಿಯಿಲ್ಲ, ಗ್ರ್ಯಾಚುಯಿಟಿಯಿಲ್ಲ, ನಿವೃತ್ತಿಯ ದಿನಾಂಕವೂ ಇಲ್ಲ. ಕಪಾಟಿನಲ್ಲಿರುವ ದಾಸ್ತಾನೇ ಅವರ ಬಂಡವಾಳ. ದುಡಿಯುವ ಶಕ್ತಿ ಕುಂದಿದಾಗ ಅದೇ ಅವರ ಆಸರೆ. ಆದುದರಿಂದ ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಎರಡು ವಿಷಯಗಳು, ಅಂದರೆ ವೃದ್ಧಾಪ್ಯ ವೇತನ ಮತ್ತು ಆಮದು ಬಟ್ಟೆಯ ಜಪ್ತಿ, ಸಣ್ಣ ವರ್ತಕರ ಜೀವನದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಐವತ್ತೈದು ಅಥವಾ ಅರುವತ್ತರ ವಯಸ್ಸಿನಲ್ಲಿ ದಾಸ್ತಾನು ಜಪ್ತಿಯಾದರೆ ಅಂದಿನ ವ್ಯಾಪಾರದೊಂದಿಗೆ ಮುಂದಿನ ಇಪ್ಪತ್ತು ವರ್ಷಗಳ ಜೀವನಾಧಾರವೂ ಅಲುಗುತ್ತದೆ.

ಈ ಎರಡೂ ವಿಷಯಗಳ ಬಗ್ಗೆ ಸಂಸತ್ತಿನಲ್ಲಿಯೂ ರಾಜ್ಯ ವಿಧಾನಮಂಡಲದಲ್ಲಿಯೂ ಪ್ರಶ್ನೆಗಳು ಬರುತ್ತವೆ, ಸರಕಾರ ಉತ್ತರ ಕೊಡುತ್ತದೆ, ಪತ್ರಿಕೆಗಳು ಅದರ ಸಾರಾಂಶವನ್ನು ಪ್ರಕಟಿಸುತ್ತವೆ. ಅದನ್ನು ಓದಿದವರಲ್ಲಿ ಎರಡು ಭಾವನೆಗಳು ಸಾಮಾನ್ಯವಾಗಿ ಮೂಡುತ್ತವೆ. ವಯಸ್ಸಾದವರಿಗೆಲ್ಲ ಸರಕಾರ ವೇತನ ಕೊಡುತ್ತದೆ ಎಂಬುದು ಒಂದು. ಜಪ್ತಿಯಾಗುವುದು ಕಳ್ಳಸಾಗಣೆದಾರರ ಮಾಲು ಮಾತ್ರ ಎಂಬುದು ಇನ್ನೊಂದು. ಎರಡೂ ತಪ್ಪು. ಸರಕಾರದ ಉತ್ತರದಿಂದ ತಿಳಿಯುವುದೇನು, ತಿಳಿಯದೆ ಉಳಿಯುವುದೇನು, ಹಾಗೆ ಉಳಿದ ಭಾಗವನ್ನು ವರ್ತಕರು ತಮ್ಮ ಕಡತದಿಂದ ಹೇಗೆ ತುಂಬಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

1. ಉತ್ತರ ಬರುವ ಬಗೆ

ಸಂಸತ್ತಿನಲ್ಲಿ ಪ್ರಶ್ನೆಗಳು ಮುಖ್ಯವಾಗಿ ಎರಡು ವಿಧ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ. ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶವಿದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಪಟ್ಟಿಯಾಗುತ್ತವೆ. ಕನಿಷ್ಠ 15 ದಿನಗಳ ಮುಂಚಿತ ಸೂಚನೆ ಅಗತ್ಯ. ವ್ಯಾಪಾರಿಗಳಿಗೆ ಉಪಯುಕ್ತವಾದ ಅಂಕಿಅಂಶಗಳು ಬಹುಪಾಲು ಲಿಖಿತ ಉತ್ತರಗಳ ಅನುಬಂಧಗಳಲ್ಲಿರುತ್ತವೆ. ಇವು ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ.

ಯಾವ ವಿಷಯಕ್ಕೆ ಯಾವ ಸಚಿವಾಲಯ ಉತ್ತರಿಸುತ್ತದೆ ಎಂಬುದನ್ನು ತಿಳಿದಿರಬೇಕು. ಬಡ ವೃದ್ಧರಿಗೆ ಕೇಂದ್ರ ಕೊಡುವ ವೇತನದ ಬಗ್ಗೆ ಗ್ರಾಮೀಣಾಭಿವೃದ್ಧಿ ಸಚಿವಾಲಯ, ಸಣ್ಣ ವರ್ತಕರ ಪಿಂಚಣಿ ಯೋಜನೆಯ ಬಗ್ಗೆ ಕಾರ್ಮಿಕ ಸಚಿವಾಲಯ, ಕಸ್ಟಮ್ಸ್ ಜಪ್ತಿಯ ಬಗ್ಗೆ ಹಣಕಾಸು ಸಚಿವಾಲಯದ ಕಂದಾಯ ವಿಭಾಗ, ಆಮದು ನಿರ್ಬಂಧದ ಬಗ್ಗೆ ವಾಣಿಜ್ಯ ಸಚಿವಾಲಯ ಉತ್ತರಿಸುತ್ತವೆ. ಕರ್ನಾಟಕದ ಸಾಮಾಜಿಕ ಭದ್ರತಾ ಪಿಂಚಣಿಗಳು ರಾಜ್ಯ ಕಂದಾಯ ಇಲಾಖೆಗೆ ಸೇರಿದವು. ಆದಕಾರಣ ಒಂದು ಸಚಿವಾಲಯದ ಉತ್ತರದಲ್ಲಿ ಕಾಣದ ವಿಷಯ ಎಲ್ಲಿಯೂ ಇಲ್ಲವೆಂದು ತೀರ್ಮಾನಿಸಲಾಗದು.

2. ಉತ್ತರದ ಭಾಷೆ

ಸರಕಾರಿ ಉತ್ತರಗಳಲ್ಲಿ ಕೆಲವು ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ಅವುಗಳ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು.

"ಪ್ರಶ್ನೆ ಉದ್ಭವಿಸುವುದಿಲ್ಲ" ಎಂದರೆ ಪ್ರಶ್ನೆಯ ಮೊದಲ ಭಾಗಕ್ಕೆ ಕೊಟ್ಟ ಉತ್ತರದಿಂದಾಗಿ ಮುಂದಿನ ಭಾಗಕ್ಕೆ ಎಡೆಯಿಲ್ಲವೆಂದು ಅರ್ಥ. ಮೊದಲ ಭಾಗವನ್ನು ತಪ್ಪಾಗಿ ಕೇಳಿದರೆ ಉಳಿದುದೆಲ್ಲವೂ ಹೀಗೆಯೇ ಬಿದ್ದುಹೋಗುತ್ತದೆ.

"ಪರಿಶೀಲನೆಯಲ್ಲಿದೆ" ಎಂಬುದು ಮಂಜೂರಾತಿಯಲ್ಲ. "ಸದ್ಯಕ್ಕೆ ಅಂಥ ಪ್ರಸ್ತಾವನೆ ಇಲ್ಲ" ಎಂಬುದು ಉತ್ತರದ ದಿನಾಂಕಕ್ಕೆ ಮಾತ್ರ ಅನ್ವಯಿಸುವ ಮಾತು. ಇವೆರಡರ ಆಧಾರದ ಮೇಲೆ ಮಾಲು ಖರೀದಿಸುವುದಾಗಲಿ ಖರೀದಿಯನ್ನು ಮುಂದೂಡುವುದಾಗಲಿ ವಿವೇಕವಲ್ಲ. ಸುಂಕದ ದರವನ್ನು ಬದಲಿಸುವುದು ಅಧಿಸೂಚನೆ. ಸದನದ ಉತ್ತರ ಬದಲಿಸುವುದಿಲ್ಲ.

"ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು" ಎಂಬ ಉತ್ತರಕ್ಕೆ ಹೆಚ್ಚಿನ ತೂಕವಿದೆ. ಸಂಸತ್ತಿನಲ್ಲಿ ಇದನ್ನು ಭರವಸೆಯೆಂದು ಪರಿಗಣಿಸಲಾಗುತ್ತದೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕೆಂಬ ಪದ್ಧತಿಯಿದ್ದು, ಸರಕಾರಿ ಭರವಸೆಗಳ ಸಮಿತಿ ಅದರ ಮೇಲೆ ನಿಗಾ ಇಡುತ್ತದೆ.

ಅಂಕಿಗಳನ್ನು ಓದುವಾಗ ಜಪ್ತಿ ಮತ್ತು ಮುಟ್ಟುಗೋಲುಗಳ ವ್ಯತ್ಯಾಸವನ್ನು ಮರೆಯಬಾರದು. ಸಂಶಯದ ಮೇಲೆ ಮಾಲನ್ನು ವಶಪಡಿಸಿಕೊಳ್ಳುವುದು ಜಪ್ತಿ. ನೋಟಿಸು, ವಿಚಾರಣೆ, ಆದೇಶಗಳಾದ ಮೇಲೆ ಮಾಲು ಸರಕಾರದ ಸ್ವತ್ತಾಗುವುದು ಮುಟ್ಟುಗೋಲು. "ಇಷ್ಟು ಕೋಟಿ ಮೌಲ್ಯದ ಬಟ್ಟೆ ಜಪ್ತಿಯಾಗಿದೆ" ಎಂಬ ಉತ್ತರದಿಂದ ಅದರಲ್ಲಿ ಎಷ್ಟು ಮರಳಿ ಹೋಯಿತು, ಎಷ್ಟು ದಂಡ ತೆತ್ತು ಬಿಡುಗಡೆಯಾಯಿತು, ಎಷ್ಟು ಮೇಲ್ಮನವಿಯಲ್ಲಿದೆ ಎಂಬುದು ತಿಳಿಯುವುದಿಲ್ಲ.

3. ವೃದ್ಧಾಪ್ಯ ವೇತನ: ಯಾರಿಗೆ, ಎಷ್ಟು

ಕೇಂದ್ರ ಸರಕಾರದ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆ 1995ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಆಗ ಅರ್ಹ ವಯಸ್ಸು 65, ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ರೂಪಾಯಿಗೆ ಏರಿತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಡಲಾಯಿತು. 2011ರಲ್ಲಿ ಅರ್ಹ ವಯಸ್ಸನ್ನು 60ಕ್ಕೆ ಇಳಿಸಿ, 80 ದಾಟಿದವರಿಗೆ ಕೇಂದ್ರದ ಪಾಲನ್ನು 500 ರೂಪಾಯಿ ಎಂದು ನಿಗದಿಪಡಿಸಲಾಯಿತು. ಇದರ ಮೇಲೆ ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ಸಂಸತ್ತಿನ ಉತ್ತರದಲ್ಲಿ ಕಾಣುವ ಮೊತ್ತ ಕೇಂದ್ರದ ಪಾಲು ಮಾತ್ರ. ವೃದ್ಧರ ಕೈಸೇರುವ ಮೊತ್ತ ಬೇರೆ. ಪತ್ರಿಕಾ ವರದಿಗಳಲ್ಲಿ ಗೊಂದಲವಾಗುವುದು ಇಲ್ಲಿಯೇ.

ಕರ್ನಾಟಕದಲ್ಲಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾಯಿತು. ಆಗಿನ ಮೊತ್ತ ತಿಂಗಳಿಗೆ 400 ರೂಪಾಯಿ. 2021ರಲ್ಲಿ ಅದನ್ನು 1,000ದಿಂದ 1,200 ರೂಪಾಯಿಗೆ ಏರಿಸಲಾಯಿತು. 65 ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ದುಡಿಮೆಗಾರರು ಇದರ ಫಲಾನುಭವಿಗಳು. ಅರ್ಜಿ ಹೋಗುವುದು ನಾಡಕಚೇರಿಗೆ. ಮಂಜೂರಾತಿ ಕಂದಾಯ ಇಲಾಖೆಯದು.

ಈ ಎರಡೂ ಯೋಜನೆಗಳ ತಳಹದಿ ಬಡತನ. ಕೇಂದ್ರದ ಯೋಜನೆ ಬಡತನ ರೇಖೆಗಿಂತ ಕೆಳಗಿರುವವರಿಗೆ; ರಾಜ್ಯದ ಯೋಜನೆಗೆ ಆದಾಯದ ಮಿತಿಯಿದೆ. ಜಿ.ಎಸ್.ಟಿ. ನೋಂದಣಿ, ಅಂಗಡಿಯ ಪರವಾನಗಿ, ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇರುವ ವರ್ತಕರು ಸಾಮಾನ್ಯವಾಗಿ ಈ ಮಿತಿಯೊಳಗೆ ಬರುವುದಿಲ್ಲ. ಜೀವನವಿಡೀ ತೆರಿಗೆ ವಸೂಲು ಮಾಡಿ ಸರಕಾರಕ್ಕೆ ಕಟ್ಟಿದ ಚಿಲ್ಲರೆ ವ್ಯಾಪಾರಿಗೆ ಮುಪ್ಪಿನಲ್ಲಿ ಈ ವೇತನ ದೊರೆಯುವುದಿಲ್ಲವೆಂಬ ಮಾತು ಕಹಿಯಾದರೂ ವಾಸ್ತವ.

4. ವರ್ತಕರಿಗೆ ಉಳಿದ ದಾರಿ

ಸಣ್ಣ ವರ್ತಕರಿಗೆಂದೇ ಇರುವ ಯೋಜನೆ ಪ್ರಧಾನಮಂತ್ರಿ ಲಘು ವ್ಯಾಪಾರಿ ಮಾನ್‌ಧನ್ ಯೋಜನೆ. ಇದು 2019ರ ಸೆಪ್ಟೆಂಬರ್ 12ರಂದು ಉದ್ಘಾಟನೆಯಾಯಿತು. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಯನ್ನು ಮೀರದ, 18ರಿಂದ 40 ವರ್ಷ ವಯಸ್ಸಿನ ಸ್ವಉದ್ಯೋಗಿ ವರ್ತಕರಿಗೆ ಇದು ಮುಕ್ತ. ಆದಾಯ ತೆರಿಗೆ ಕಟ್ಟುವವರಿಗೆ ಮತ್ತು ಭವಿಷ್ಯನಿಧಿ ಅಥವಾ ಇ.ಎಸ್.ಐ. ವ್ಯಾಪ್ತಿಯಲ್ಲಿರುವವರಿಗೆ ಅವಕಾಶವಿಲ್ಲ. ಸೇರುವ ವಯಸ್ಸಿಗನುಗುಣವಾಗಿ ತಿಂಗಳ ಕಂತು 55ರಿಂದ 200 ರೂಪಾಯಿ; ಕೇಂದ್ರ ಸರಕಾರ ಅಷ್ಟೇ ಮೊತ್ತವನ್ನು ತಾನೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ ಕನಿಷ್ಠ 3,000 ರೂಪಾಯಿ ಪಿಂಚಣಿ. ಪಿಂಚಣಿದಾರರ ಮರಣಾನಂತರ ಪತಿ ಅಥವಾ ಪತ್ನಿಗೆ ಅದರ ಅರ್ಧ.

ಎರಡನೆಯದು 2015ರ ಮೇ 9ರಂದು ಆರಂಭವಾದ ಅಟಲ್ ಪಿಂಚಣಿ ಯೋಜನೆ. ಇದಕ್ಕೂ ಸೇರುವ ವಯಸ್ಸು 18ರಿಂದ 40. ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗಿನ ಖಾತರಿ ಪಿಂಚಣಿಯಲ್ಲಿ ಒಂದನ್ನು ಆರಿಸಿಕೊಳ್ಳಬಹುದು. 5,000 ರೂಪಾಯಿ ಪಿಂಚಣಿಗೆ 18ರಲ್ಲಿ ಸೇರಿದರೆ ತಿಂಗಳ ಕಂತು 210 ರೂಪಾಯಿ, 40ರಲ್ಲಿ ಸೇರಿದರೆ 1,454 ರೂಪಾಯಿ. 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಹೊಸದಾಗಿ ಸೇರುವಂತಿಲ್ಲ.

ಎರಡರಲ್ಲಿಯೂ 40ರ ಗಡಿ ಗಮನಾರ್ಹ. ಐವತ್ತು ದಾಟಿದ ಮೇಲೆ ಪಿಂಚಣಿಯ ವಿಚಾರ ಮಾಡುವ ವರ್ತಕರಿಗೆ ಈ ಬಾಗಿಲುಗಳು ಮುಚ್ಚಿರುತ್ತವೆ. ಅಂಗಡಿಯಲ್ಲಿ ಕೈಗೂಡಿಸುತ್ತಿರುವ ಮಗ, ಮಗಳು, ಸೊಸೆ, ಕೆಲಸದ ಹುಡುಗರಿಗೆ ಮಾತ್ರ ಅವು ತೆರೆದಿವೆ. ಐವತ್ತು ದಾಟಿದವರ ಮಟ್ಟಿಗೆ ಸ್ವಂತ ಉಳಿತಾಯ ಮತ್ತು ದಾಸ್ತಾನಿನ ರಕ್ಷಣೆ ಇವೆರಡೇ ಪಿಂಚಣಿ. ಆದುದರಿಂದ ಚರ್ಚೆ ಸಹಜವಾಗಿಯೇ ದಾಸ್ತಾನಿನ ಕಡೆಗೆ ತಿರುಗುತ್ತದೆ.

5. ಈ ಕರಾವಳಿಯಲ್ಲಿ ಬಟ್ಟೆ ಮತ್ತು ಸುಂಕ

ಕಾರವಾರಕ್ಕೆ ಬಟ್ಟೆಯ ವ್ಯಾಪಾರ ಹೊಸದಲ್ಲ. 1638ರಲ್ಲಿ ಇಂಗ್ಲಿಷರು ಇಲ್ಲಿ ಕೋಠಿ ತೆರೆದ ನಂತರ ಘಟ್ಟದ ಮೇಲಿನ ಹುಬ್ಬಳ್ಳಿಯ ಕಡೆಯಿಂದ ನಯವಾದ ಬಟ್ಟೆ ಇಲ್ಲಿಗೆ ಇಳಿದು ಹಡಗು ಹತ್ತುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದಿಕ್ಕು ಬದಲಾಯಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗುವವರೆಗೆ ಮಾಜಾಳಿಯ ಆಚೆ ಇದ್ದುದು ಪೋರ್ಚುಗೀಸರ ನೆಲ, ಅಂದರೆ ಕಸ್ಟಮ್ಸ್ ದೃಷ್ಟಿಯಲ್ಲಿ ವಿದೇಶ. ಭಾರತದಲ್ಲಿ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿದ್ದ ಆ ಕಾಲದಲ್ಲಿ ವಿದೇಶಿ ಸರಕುಗಳು ಆ ಗಡಿಯಿಂದ ನುಸುಳುತ್ತಿದ್ದವು. ಗೋವಾ ಗಡಿಯ ಕಳ್ಳಸಾಗಣೆ 1950ರ ದಶಕದಲ್ಲಿ ಸಂಸತ್ತಿನ ಪ್ರಶ್ನೆಗಳಿಗೂ ವಿಷಯವಾಗಿತ್ತು. ಈ ಜಿಲ್ಲೆಯನ್ನು 1952ರಿಂದ 1967ರವರೆಗೆ ಲೋಕಸಭೆಯಲ್ಲಿ ಪ್ರತಿನಿಧಿಸಿದವರು ಜೋಕಿಂ ಆಳ್ವಾ. ಅವರ ನಂತರ ಬಂದವರು ದಿನಕರ ದೇಸಾಯಿ.

1878ರ ಸಮುದ್ರ ಸುಂಕ ಕಾಯಿದೆ ಮತ್ತು 1924ರ ಭೂ ಸುಂಕ ಕಾಯಿದೆಗಳ ಸ್ಥಾನದಲ್ಲಿ 1962ರ ಕಸ್ಟಮ್ಸ್ ಕಾಯಿದೆ ಬಂದು, 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಪಶ್ಚಿಮ ಕರಾವಳಿಯ ಕಳ್ಳಸಾಗಣೆಯನ್ನು ತಡೆಯಲು 1969ರಲ್ಲಿ ಕಾಯಿದೆಗೆ 4ಎ ಅಧ್ಯಾಯ ಸೇರಿತು. ಅಧಿಸೂಚಿತ ಸರಕುಗಳನ್ನು ಇಟ್ಟುಕೊಂಡವರು ಸ್ಥಳವನ್ನು ತಿಳಿಸಬೇಕು, ಲೆಕ್ಕ ಇಡಬೇಕು, ಮಾರಾಟಕ್ಕೆ ರಸೀದಿ ಕೊಡಬೇಕು ಎಂಬುದು ಅದರ ಸಾರ. 1974ರಲ್ಲಿ ಕಳ್ಳಸಾಗಣೆದಾರರ ಮುಂಜಾಗ್ರತಾ ಬಂಧನದ ಕಾಯಿದೆಯೂ ಬಂದಿತು.

2001ರ ಏಪ್ರಿಲ್ 1ರಂದು ಉಳಿದಿದ್ದ 715 ಸರಕುಗಳ ಮೇಲಿನ ಪರಿಮಾಣ ನಿರ್ಬಂಧ ತೆರವಾಯಿತು. ಅವುಗಳಲ್ಲಿ 342 ಜವಳಿ ಉತ್ಪನ್ನಗಳಿದ್ದವು. ಅಂದಿನಿಂದ ಜಪ್ತಿಯ ಸ್ವರೂಪವೇ ಬದಲಾಯಿತು. ಹಿಂದಿನ ಪ್ರಶ್ನೆ ಮಾಲು ರಾತ್ರಿ ದೋಣಿಯಲ್ಲಿ ಬಂತೋ ಎಂಬುದಾಗಿತ್ತು. ಈಗಿನ ಪ್ರಶ್ನೆ ಕಂಟೇನರಿನಲ್ಲಿ ರಾಜಾರೋಷವಾಗಿ ಬಂದ ಮಾಲಿನ ಬೆಲೆ, ತೂಕ, ಬಗೆ, ಮೂಲ ದೇಶಗಳನ್ನು ಸರಿಯಾಗಿ ಘೋಷಿಸಲಾಗಿದೆಯೋ ಎಂಬುದು.

ಕೆಲವು ನಿದರ್ಶನಗಳನ್ನು ನೋಡಬಹುದು. 2024ರ ಮಾರ್ಚ್‌ನಲ್ಲಿ ಐದು ಬಗೆಯ ಸಿಂಥೆಟಿಕ್ ಹೆಣಿಗೆ ಬಟ್ಟೆಗಳಿಗೆ ಕಿಲೋ ಒಂದಕ್ಕೆ 3.5 ಡಾಲರ್ ಕನಿಷ್ಠ ಆಮದು ಬೆಲೆಯನ್ನು ವಿಧಿಸಲಾಯಿತು. 2025ರ ಕೇಂದ್ರ ಬಜೆಟ್ಟಿನಲ್ಲಿ ಒಂಬತ್ತು ಬಗೆಯ ಹೆಣಿಗೆ ಬಟ್ಟೆಗಳ ಮೂಲ ಸುಂಕವನ್ನು ಶೇ. 20 ಅಥವಾ ಕಿಲೋಗೆ 115 ರೂಪಾಯಿ, ಇವೆರಡರಲ್ಲಿ ಹೆಚ್ಚಿನದು ಎಂದು ಮಾಡಲಾಯಿತು. 2025ರ ಮೇ ತಿಂಗಳಿನಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪುಗಳ ಆಮದನ್ನು ಭೂ ಗಡಿಗಳಲ್ಲಿ ನಿಲ್ಲಿಸಿ ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳಿಗೆ ಸೀಮಿತಗೊಳಿಸಲಾಯಿತು. ಇಂಥ ಪ್ರತಿಯೊಂದು ಅಧಿಸೂಚನೆಯೂ ಬೆಲೆಯನ್ನು ಕಡಿಮೆ ತೋರಿಸುವ, ಬಗೆಯನ್ನು ಬದಲಿಸಿ ಬರೆಯುವ ಪ್ರಲೋಭನೆಯನ್ನು ಕೆಲವು ಆಮದುದಾರರಲ್ಲಿ ಹುಟ್ಟಿಸುತ್ತದೆ. ಅಂಥ ಮಾಲು ಮೂರು ಕೈ ದಾಟಿ, ಲಾಟಿನ ಲೆಕ್ಕದಲ್ಲಿ ಕಾರವಾರದ ಅಂಗಡಿಯನ್ನು ಸೇರಿದಾಗ ಅದರ ಹಿಂದಿನ ದೋಷವೂ ಜೊತೆಗೆ ಬರುತ್ತದೆ.

6. ಜಪ್ತಿಯಿಂದ ಆದೇಶದವರೆಗೆ

ಮಾಲು ಮುಟ್ಟುಗೋಲಿಗೆ ಗುರಿಯಾಗತಕ್ಕದ್ದೆಂದು ನಂಬಲು ಕಾರಣವಿದ್ದರೆ ಅಧಿಕಾರಿ ಕಲಂ 110ರ ಅಡಿಯಲ್ಲಿ ಅದನ್ನು ಜಪ್ತಿ ಮಾಡಬಹುದು. ಈ ಅಧಿಕಾರ ಬಂದರಿಗೆ ಸೀಮಿತವಲ್ಲ. ಅಂಗಡಿ, ಗೋದಾಮು, ಲಾರಿ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮುಂದಿನ ಹಂತಗಳು ಹೀಗಿವೆ:

(1) ಜಪ್ತಿಯ ವೇಳೆ ಪಂಚನಾಮೆ ಮತ್ತು ಮಾಲಿನ ಪಟ್ಟಿ ತಯಾರಾಗುತ್ತದೆ. ಥಾನುಗಳ ಸಂಖ್ಯೆ, ಮೀಟರು, ತೂಕ, ಗುರುತುಗಳು ಸರಿಯಾಗಿವೆಯೇ ಎಂದು ನೋಡಿಯೇ ಸಹಿ ಮಾಡತಕ್ಕದ್ದು. ಪ್ರತಿ ಕೇಳಿ ಪಡೆಯಬೇಕು. ಲೆಕ್ಕಪುಸ್ತಕಗಳನ್ನು ಒಯ್ದಿದ್ದರೆ ಅಧಿಕಾರಿಯ ಸಮಕ್ಷಮ ಅವುಗಳ ನಕಲು ತೆಗೆದುಕೊಳ್ಳುವ ಹಕ್ಕು ಕಲಂ 110(4)ರಲ್ಲಿದೆ.

(2) ಕಲಂ 108ರ ಸಮನ್ಸಿನ ಮೇಲೆ ಕೊಡುವ ಹೇಳಿಕೆಗೆ ಸಾಕ್ಷ್ಯದ ಬೆಲೆಯಿದೆ. ಖಚಿತವಾಗಿ ತಿಳಿಯದುದನ್ನು ಊಹಿಸಿ ಹೇಳುವುದಕ್ಕಿಂತ "ಪುಸ್ತಕ ನೋಡಿ ತಿಳಿಸುತ್ತೇನೆ" ಎನ್ನುವುದು ಲೇಸು.

(3) ಜಪ್ತಿಯ ದಿನದಿಂದ ಆರು ತಿಂಗಳೊಳಗೆ ಕಲಂ 124ರ ಪ್ರಕಾರ ಕಾರಣ ಕೇಳುವ ನೋಟಿಸು ಬರಬೇಕು. ಬಾರದಿದ್ದರೆ ಮಾಲನ್ನು ಮರಳಿಸಬೇಕು. ಕಮಿಷನರರು ಕಾರಣವನ್ನು ಲಿಖಿತವಾಗಿ ದಾಖಲಿಸಿ, ಮೊದಲ ಅವಧಿ ಮುಗಿಯುವ ಮುನ್ನವೇ ಸಂಬಂಧಪಟ್ಟವರಿಗೆ ತಿಳಿಸಿ, ಇನ್ನೂ ಆರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು.

(4) ಕಲಂ 110ಎ ಪ್ರಕಾರ ಮುಚ್ಚಳಿಕೆ ಮತ್ತು ಭದ್ರತೆ ಒದಗಿಸಿ ತಾತ್ಕಾಲಿಕ ಬಿಡುಗಡೆ ಕೇಳಬಹುದು. ಬಟ್ಟೆಯ ವಿಷಯದಲ್ಲಿ ಇದು ಬಹು ಮುಖ್ಯ. ದೀಪಾವಳಿಗೆಂದು ತಂದ ಮಾಲು ಮಳೆಗಾಲದಲ್ಲಿ ಬಿಡುಗಡೆಯಾದರೆ ಬಣ್ಣವೂ ಫ್ಯಾಶನ್ನೂ ಹೋಗಿರುತ್ತವೆ. ಆದರೆ ತಾತ್ಕಾಲಿಕ ಬಿಡುಗಡೆಯ ಆದೇಶವಾದ ಮೇಲೆ ಮೇಲ್ಕಾಣಿಸಿದ ಆರು ತಿಂಗಳ ಮಿತಿ ಅನ್ವಯಿಸುವುದಿಲ್ಲ ಎಂಬುದನ್ನು ಅರಿತು ಅರ್ಜಿ ಹಾಕಬೇಕು.

(5) ಮುಟ್ಟುಗೋಲಿನ ಆದೇಶವಾದರೆ ಕಲಂ 125ರಂತೆ ವಿಮೋಚನಾ ದಂಡ ತೆತ್ತು ಮಾಲನ್ನು ಬಿಡಿಸಿಕೊಳ್ಳುವ ಆಯ್ಕೆ ಇದೆ. ನಿಷೇಧಿತ ಸರಕಿಗೆ ಈ ಆಯ್ಕೆ ಕೊಡುವುದು ಅಧಿಕಾರಿಯ ವಿವೇಚನೆ. ಇತರ ಸರಕಿಗೆ ಕೊಡಲೇಬೇಕು.

(6) ಆದೇಶ ತಲುಪಿದ 60 ದಿನಗಳೊಳಗೆ ಕಮಿಷನರ್ (ಅಪೀಲು) ಅವರಿಗೆ ಮೇಲ್ಮನವಿ. ವಿವಾದಿತ ಸುಂಕದ, ದಂಡ ಮಾತ್ರ ವಿವಾದದಲ್ಲಿದ್ದರೆ ಆ ದಂಡದ, ಶೇ. 7.5ನ್ನು ಮೊದಲೇ ಕಟ್ಟಬೇಕು. ಆ ಬಳಿಕ ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠ ಬೆಂಗಳೂರಿನಲ್ಲಿದೆ.

7. ರುಜುವಾತು ಯಾರ ಹೊಣೆ

ಸಾಮಾನ್ಯ ನಿಯಮದಂತೆ ಮಾಲು ಕಳ್ಳಸಾಗಣೆಯದೆಂದು ಸಿದ್ಧಪಡಿಸುವ ಹೊಣೆ ಇಲಾಖೆಯದು. ಚಿನ್ನ, ಕೈಗಡಿಯಾರ ಮತ್ತು ಅಧಿಸೂಚಿತ ಇತರ ಸರಕುಗಳ ವಿಷಯದಲ್ಲಿ ಮಾತ್ರ ಕಲಂ 123ರಂತೆ ಹೊಣೆ ತಿರುಗಿ, ಅದು ಕಳ್ಳಸಾಗಣೆಯದಲ್ಲವೆಂದು ತೋರಿಸುವ ಭಾರ ಮಾಲು ಇಟ್ಟುಕೊಂಡವರ ಮೇಲೆ ಬೀಳುತ್ತದೆ. ಹಿಂದೆ ಸಿಂಥೆಟಿಕ್ ಬಟ್ಟೆಗಳೂ ಇಂಥ ಅಧಿಸೂಚನೆಯಲ್ಲಿದ್ದವು. ಆದುದರಿಂದ ಜಪ್ತಿಯಾದೊಡನೆ, ಆ ದಿನಕ್ಕೆ ಆ ಬಗೆಯ ಬಟ್ಟೆ ಅಧಿಸೂಚಿತವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಅಧಿಸೂಚಿತವಲ್ಲ ಎಂದಮಾತ್ರಕ್ಕೆ ವರ್ತಕರು ಸುಮ್ಮನಿರುವಂತಿಲ್ಲ. 1974ರಲ್ಲಿ ಭೂರ್ಮಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ವಿವರಿಸಿತು. ಇಲಾಖೆ ಗಣಿತದಷ್ಟು ನಿಖರವಾಗಿ ಸಿದ್ಧಪಡಿಸಬೇಕಾಗಿಲ್ಲ. ವಿವೇಕಿಯಾದವನು ನಂಬಬಹುದಾದಷ್ಟು ಸಂಭಾವ್ಯತೆಯನ್ನು ತೋರಿಸಿದರೆ ಸಾಕು. ಮಾಲಿನ ಮೂಲ ಅದನ್ನು ಇಟ್ಟುಕೊಂಡವನಿಗೇ ವಿಶೇಷವಾಗಿ ತಿಳಿದ ಸಂಗತಿಯಾದುದರಿಂದ ಅವನ ಮೌನ ಅವನಿಗೇ ವಿರುದ್ಧವಾಗಬಹುದು ಎಂಬುದು ಆ ತೀರ್ಪಿನ ತಾತ್ಪರ್ಯ.

ಇನ್ನೊಂದು ಸೂಕ್ಷ್ಮ ಅಂಶವೂ ಇದೆ. ಮುಟ್ಟುಗೋಲು ಮಾಲಿನ ಮೇಲೆ ಆಗುವಂಥದು. ಕಲಂ 112(ಬಿ)ಯ ದಂಡ ವ್ಯಕ್ತಿಯ ಮೇಲೆ ಬೀಳುವಂಥದು. ಮಾಲು ದೋಷಯುಕ್ತವೆಂದು ತಿಳಿದಿದ್ದರೆ ಅಥವಾ ಹಾಗೆ ನಂಬಲು ಕಾರಣವಿದ್ದರೆ ಮಾತ್ರ ಖರೀದಿದಾರರಿಗೆ ಈ ದಂಡ. ಆದರೆ ಪ್ರಾಮಾಣಿಕ ಖರೀದಿದಾರರ ಕೈಯಲ್ಲಿದ್ದರೂ ಮಾಲು ಮುಟ್ಟುಗೋಲಾಗಬಹುದು. ಪ್ರಾಮಾಣಿಕತೆಯಿಂದ ವ್ಯಕ್ತಿ ಉಳಿಯಬಹುದು. ದಾಸ್ತಾನು ಉಳಿಯಬೇಕಾದರೆ ಕಾಗದ ಬೇಕು. ಪೇಟೆಯ ಧಾರಣೆಗಿಂತ ತೀರ ಕಡಿಮೆ ಬೆಲೆ, ರಸೀದಿಯಿಲ್ಲದ ನಗದು ವ್ಯವಹಾರ, ಕಿತ್ತುಹಾಕಿದ ಲೇಬಲು, ಇವು "ನಂಬಲು ಕಾರಣ"ವಾಗುವ ಸಂದರ್ಭಗಳು.

8. ಲೆಕ್ಕದಲ್ಲಿ ನೋಡಿದಾಗ

ಹಬ್ಬುವಾಡದ ಒಬ್ಬ ವರ್ತಕರ ಬಳಿ ಇರುವ ವಿದೇಶಿ ಹೆಣಿಗೆ ಬಟ್ಟೆಯ ಪೇಟೆ ಬೆಲೆ 6,00,000 ರೂಪಾಯಿ ಎಂದೂ ಅದರ ಮೇಲೆ ಬಾಕಿಯಿರುವ ಸುಂಕ 1,50,000 ರೂಪಾಯಿ ಎಂದೂ ಭಾವಿಸೋಣ.

ವಿಮೋಚನಾ ದಂಡದ ಗರಿಷ್ಠ ಮಿತಿಯೆಂದರೆ ಪೇಟೆ ಬೆಲೆಯಲ್ಲಿ ಸುಂಕವನ್ನು ಕಳೆದು ಉಳಿದ ಮೊತ್ತ, ಅಂದರೆ 4,50,000 ರೂಪಾಯಿ. ಸುಂಕವನ್ನು ಬೇರೆ ಕಟ್ಟಬೇಕು. ಎರಡೂ ಸೇರಿದರೆ 6,00,000 ರೂಪಾಯಿ. ಅರ್ಥಾತ್, ಗರಿಷ್ಠ ದಂಡ ಬಿದ್ದಲ್ಲಿ ಒಮ್ಮೆ ಹಣ ಕೊಟ್ಟು ಕೊಂಡ ಮಾಲನ್ನು ಪೂರ್ತಿ ಪೇಟೆ ಬೆಲೆ ತೆತ್ತು ಎರಡನೆಯ ಬಾರಿ ಕೊಂಡಂತೆ. ಪ್ರತಿ ಪ್ರಕರಣದಲ್ಲಿಯೂ ಗರಿಷ್ಠ ದಂಡವೇ ಬೀಳುವುದಿಲ್ಲ; ಆದರೆ ಮಿತಿ ಎಲ್ಲಿದೆಯೆಂಬುದು ತಿಳಿದಿರಬೇಕು.

ಮಾಲು ಒಂದು ವರ್ಷ ಜಪ್ತಿಯಲ್ಲಿಯೇ ಉಳಿದು ಕೊನೆಗೆ ಯಾವ ದಂಡವೂ ಇಲ್ಲದೆ ಮರಳಿತೆಂದು ಇಟ್ಟುಕೊಂಡರೂ, ಸಿಲುಕಿದ 6,00,000 ರೂಪಾಯಿಯ ಮೇಲೆ ಶೇ. 12ರಂತೆ ಬಡ್ಡಿಯೇ 72,000 ರೂಪಾಯಿ. ಇನ್ನೊಂದೆಡೆ, 40ನೇ ವಯಸ್ಸಿನಲ್ಲಿ ಲಘು ವ್ಯಾಪಾರಿ ಯೋಜನೆಗೆ ಸೇರಿದವರು 20 ವರ್ಷ ಕಟ್ಟುವ ಸ್ವಂತ ಪಾಲು ತಿಂಗಳಿಗೆ 200ರಂತೆ ಒಟ್ಟು 48,000 ರೂಪಾಯಿ. ಅಂದರೆ ಒಂದು ಜಪ್ತಿಯ ಒಂದು ವರ್ಷದ ಬಡ್ಡಿಯಲ್ಲಿ ಒಬ್ಬರ ಪಿಂಚಣಿಯ ಇಪ್ಪತ್ತು ವರ್ಷಗಳ ಕಂತು ತೀರಿ ಇನ್ನೂ 24,000 ರೂಪಾಯಿ ಉಳಿಯುತ್ತದೆ. ಥಾನಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆಯೆಂದು ಬಿಲ್ಲಿಲ್ಲದ ಮಾಲು ಕೊಳ್ಳುವವರು ಪಣಕ್ಕೊಡ್ಡುವುದು ಇಷ್ಟು ಮೊತ್ತವನ್ನು.

9. ಕಡತದಲ್ಲಿ ಇರಬೇಕಾದುವು

ನೇರವಾಗಿ ಆಮದು ಮಾಡಿಕೊಳ್ಳದ ಚಿಲ್ಲರೆ ವರ್ತಕರೂ ವಿದೇಶಿ ಬಟ್ಟೆಗೆ ಈ ಕೆಳಗಿನ ಕಾಗದಗಳನ್ನು ಪ್ರತ್ಯೇಕ ಕಡತದಲ್ಲಿ ಇಡುವುದು ಒಳಿತು:

(ಅ) ಸರಬರಾಜುದಾರರ ಟ್ಯಾಕ್ಸ್ ಇನ್‌ವಾಯ್ಸ್. ಅದರಲ್ಲಿ "ಬಟ್ಟೆ, 1 ಲಾಟು" ಎಂದಷ್ಟೇ ಇದ್ದರೆ ಸಾಲದು. ಬಗೆ, ಅಗಲ, ಮೀಟರು ಅಥವಾ ತೂಕ, ಎಚ್.ಎಸ್.ಎನ್. ಸಂಖ್ಯೆ ಇರಬೇಕು.

(ಆ) ಮೂಲ ಆಮದುದಾರರ ಬಿಲ್ ಆಫ್ ಎಂಟ್ರಿಯ ನಕಲು. ಅದು ದೊರೆಯದಿದ್ದರೆ ಕನಿಷ್ಠ ಅದರ ಸಂಖ್ಯೆ, ದಿನಾಂಕ ಮತ್ತು ಬಂದರಿನ ಹೆಸರನ್ನು ಇನ್‌ವಾಯ್ಸಿನ ಮೇಲೆ ಬರೆಸಿಕೊಳ್ಳಬೇಕು.

(ಇ) ಲಾರಿ ರಸೀದಿ ಮತ್ತು ಮಾಲಿನ ಮೌಲ್ಯ 50,000 ರೂಪಾಯಿ ಮೀರಿದಲ್ಲಿ ಇ-ವೇ ಬಿಲ್.

(ಈ) ಬ್ಯಾಂಕ್ ಮೂಲಕ ಪಾವತಿಯಾದ ದಾಖಲೆ. ಕಿರ್ದಿಯಲ್ಲಿ ನಗದು ಎಂದು ಬರೆದ ಒಂದು ಸಾಲು ಸಂಶಯವನ್ನು ಪರಿಹರಿಸುವುದಿಲ್ಲ.

(ಉ) ದಾಸ್ತಾನು ಪುಸ್ತಕ. ಮಾಲು ಬಂದ ದಿನ, ಮಾರಾಟವಾದ ದಿನ, ಉಳಿದ ಥಾನುಗಳ ಲೆಕ್ಕ ಇನ್‌ವಾಯ್ಸಿನೊಂದಿಗೆ ತಾಳೆಯಾಗಬೇಕು.

ಸ್ವತಃ ಆಮದು ಮಾಡುವ ತಯಾರಕರು ರಿಯಾಯಿತಿ ಸುಂಕ ಕೇಳಿದ್ದಲ್ಲಿ, 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಿಯಮಗಳಂತೆ ಮಾಲಿನ ಮೂಲ ದೇಶದ ಬಗ್ಗೆ ಪ್ರಮಾಣಪತ್ರವಲ್ಲದೆ ಪೂರಕ ಮಾಹಿತಿಯನ್ನೂ ಇಟ್ಟಿರಬೇಕು. ಕೊಲ್ಲಿ ದೇಶಗಳಿಂದ ಮರಳುವ ಬಂಧುಗಳು ಬ್ಯಾಗೇಜಿನಲ್ಲಿ ತರುವ ಬಟ್ಟೆ ಸ್ವಂತ ಬಳಕೆಗೆ ಅಥವಾ ಉಡುಗೊರೆಗೆ ಮಾತ್ರ. ಅದನ್ನು ಅಂಗಡಿಯಲ್ಲಿಟ್ಟು ಮಾರುವಂತಿಲ್ಲ. ವಿದೇಶದ ಹಳೆಯ ಉಡುಪುಗಳ ಆಮದು ನಿರ್ಬಂಧಿತ. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು.

ಪಿಂಚಣಿಯ ಕಡತವೂ ಇಷ್ಟೇ ಮುಖ್ಯ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರು ಹಾಗೂ ಜನ್ಮದಿನಾಂಕ ಒಂದೇ ಇರಬೇಕು. ನಾಮನಿರ್ದೇಶನ ಆಗಿರಬೇಕು. ಕಂತು ಖಾತೆಯಿಂದ ತಾನಾಗಿ ಕಡಿತವಾಗುವುದಾದರೆ ಖಾತೆಯಲ್ಲಿ ಶಿಲ್ಕು ಇದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು.

10. ವಾಣಿಜ್ಯ ಸಂಘಗಳು ಕೇಳಿಸಬಹುದಾದ ಪ್ರಶ್ನೆ

ಸರಕಾರದ ಉತ್ತರದಲ್ಲಿ ಸಣ್ಣ ವರ್ತಕರ ಸ್ಥಿತಿ ಕಾಣಿಸದಿದ್ದರೆ ಅದಕ್ಕೆ ಒಂದು ಕಾರಣ, ಹಾಗೆಂದು ಯಾರೂ ಕೇಳದಿರುವುದು. ಲೋಕಸಭೆಯ ನಿಯಮದಂತೆ ಪ್ರಶ್ನೆ 150 ಪದಗಳನ್ನು ಮೀರಬಾರದು. ವಾದ, ಊಹೆ, ಆರೋಪಗಳಿರಬಾರದು. ನ್ಯಾಯಾಲಯದ ಮುಂದಿರುವ ವಿಷಯವಾಗಿರಬಾರದು. ಸಂಸದರಿಗೆ ಕೊಡಬಹುದಾದ ಕರಡು ಹೀಗಿರಬಹುದು:

(ಅ) ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಕರ್ನಾಟಕದಲ್ಲಿ ಕಸ್ಟಮ್ಸ್ ಕಾಯಿದೆಯ ಕಲಂ 110ರ ಅಡಿಯಲ್ಲಿ ಜಪ್ತಿಯಾದ ಬಟ್ಟೆ ಮತ್ತು ಉಡುಪಿನ ಪ್ರಕರಣಗಳೆಷ್ಟು, ಅವುಗಳ ಮೌಲ್ಯವೆಷ್ಟು;

(ಆ) ಅವುಗಳಲ್ಲಿ ಆಮದುದಾರರಲ್ಲದ ಚಿಲ್ಲರೆ ವರ್ತಕರಿಂದ ಜಪ್ತಿಯಾದುವು ಎಷ್ಟು;

(ಇ) ಎಷ್ಟು ಪ್ರಕರಣಗಳಲ್ಲಿ ನೋಟಿಸಿನ ಅವಧಿಯನ್ನು ವಿಸ್ತರಿಸಲಾಗಿದೆ, ಎಷ್ಟರಲ್ಲಿ ತಾತ್ಕಾಲಿಕ ಬಿಡುಗಡೆಯಾಗಿದೆ;

(ಈ) ಎಷ್ಟರಲ್ಲಿ ಮಾಲನ್ನು ಅಂತಿಮವಾಗಿ ಮುಟ್ಟುಗೋಲು ಹಾಕಲಾಗಿದೆ, ಎಷ್ಟರಲ್ಲಿ ಮರಳಿಸಲಾಗಿದೆ?

ಇದು ಹಣಕಾಸು ಸಚಿವರಿಗೆ. ಲಘು ವ್ಯಾಪಾರಿ ಯೋಜನೆಗೆ ಉತ್ತರ ಕನ್ನಡ ಜಿಲ್ಲೆಯಿಂದ ಸೇರಿದವರೆಷ್ಟು, 40 ದಾಟಿದ ಸಣ್ಣ ವರ್ತಕರಿಗಾಗಿ ಯಾವ ವ್ಯವಸ್ಥೆಯಿದೆ ಎಂಬ ಪ್ರಶ್ನೆ ಕಾರ್ಮಿಕ ಸಚಿವರಿಗೆ ಹೋಗಬೇಕು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ ಉತ್ತರ ಸಿಗುವುದಿಲ್ಲ. ಅಧಿವೇಶನವಿಲ್ಲದ ಕಾಲದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಕಂದಾಯ ಗುಪ್ತಚರ ನಿರ್ದೇಶನಾಲಯ ಆ ಕಾಯಿದೆಯ ವಿನಾಯಿತಿ ಪಟ್ಟಿಯಲ್ಲಿರುವುದರಿಂದ ಅರ್ಜಿಯನ್ನು ಕಸ್ಟಮ್ಸ್ ಕಮಿಷನರೇಟಿಗೆ ಸಲ್ಲಿಸುವುದು ಸೂಕ್ತ.

ಉಪಸಂಹಾರ

ಸದನದಲ್ಲಿ ಕೊಟ್ಟ ಉತ್ತರ ಇಡೀ ದೇಶಕ್ಕೆ ಸಂಬಂಧಿಸಿದ್ದು. ಕಾರವಾರದ ಒಂದು ಅಂಗಡಿಯ ಮಾಲಿಗೆ, ಅಂಕೋಲೆಯ ಒಬ್ಬರ ವಯಸ್ಸಿಗೆ ಸಂಬಂಧಿಸಿದ ಉತ್ತರ ಅವರವರ ಕಡತದಲ್ಲಿ ಮಾತ್ರ ಇರಲು ಸಾಧ್ಯ. ಪ್ರತಿವರ್ಷ ಮಾರ್ಚ್ 31ರ ದಾಸ್ತಾನು ಎಣಿಕೆಯ ದಿನ ಎರಡು ಕೆಲಸಗಳನ್ನು ಅದರೊಂದಿಗೇ ಮಾಡಿ ಮುಗಿಸಬಹುದು. ವಿದೇಶಿ ಬಟ್ಟೆಯ ಪ್ರತಿಯೊಂದು ಲಾಟಿಗೂ ಇನ್‌ವಾಯ್ಸ್ ಮತ್ತು ಬಿಲ್ ಆಫ್ ಎಂಟ್ರಿಯ ಸಂಖ್ಯೆ ಇದೆಯೇ ಎಂದು ನೋಡುವುದು ಒಂದು. ಮನೆಯಲ್ಲಿಯೂ ಅಂಗಡಿಯಲ್ಲಿಯೂ 40 ತುಂಬಲಿರುವವರ ಹೆಸರುಗಳನ್ನು ಪಟ್ಟಿಮಾಡಿ, ಅವರು ಯಾವುದಾದರೊಂದು ಪಿಂಚಣಿ ಯೋಜನೆಗೆ ಸೇರಿದ್ದಾರೆಯೇ ಎಂದು ನೋಡುವುದು ಇನ್ನೊಂದು. ಕಾಗದವಿಲ್ಲದ ಲಾಟು ಕಂಡುಬಂದರೆ ಸರಬರಾಜುದಾರರಿಗೆ ಅದೇ ವಾರ ಪತ್ರ ಬರೆದು ದಾಖಲೆ ತರಿಸಿಕೊಳ್ಳಬೇಕು. ಜಪ್ತಿಯಾದ ಮೇಲೆ ತರಿಸಿದ ಕಾಗದವನ್ನು ಅಧಿಕಾರಿಗಳು ಸಂಶಯದಿಂದಲೇ ನೋಡುತ್ತಾರೆ.